ಮೂರನೆಯ ಸಾಲು ಎರಡು ಸಲ

ಎರಡನೆಯ ಲೈನಿನ ದೀಪ ಮಿಣುಕುತ್ತಿತ್ತು. ಐಯೋನಿ ಹೆಡ್‌ಫೋನನ್ನು ಒಂದೇ ಕಿವಿಗೆ ಒತ್ತಿಕೊಂಡು, ಹಳದಿ ಚೀಟಿಯ ಮೇಲೆ ‘ಮೇ ಪೆನ್ ಊರು, ಟ್ಯಾಕ್ಸಿಯವನು’ ಎಂದು ಬರೆದು, ಅವನು ಹೇಳುವುದನ್ನು ಕೇಳಿಸಿಕೊಂಡಳು. ಬೆಳಿಗ್ಗೆ ಎಂಟರಿಂದ ಇದೇ ಆಗಿತ್ತು. ಗಾಯಕ ಕೋಲ್‌ಪಾಟ್‌ನ ‘ಬೂದಿ’ ಎಂಬ ಹೊಸ ಆಲ್ಬಮ್ ಬಂದು ಆರು ದಿನ. ಕಿಂಗ್‌ಸ್ಟನ್ನಿನಲ್ಲಿ ಬಾಯಿ ಇದ್ದವರಿಗೆಲ್ಲ ಅದರ ಬಗ್ಗೆ ಒಂದು ಅಭಿಪ್ರಾಯವಿತ್ತು, ಮತ್ತು ಆ ಅಭಿಪ್ರಾಯವನ್ನು ರೇಡಿಯೋದಲ್ಲಿ ಹೇಳದೆ ಅವರಿಗೆ ಮಧ್ಯಾಹ್ನದ ಊಟ ಇಳಿಯುವಂತಿರಲಿಲ್ಲ. ಅವರ ಕರೆಗಳನ್ನು ಮೊದಲು ಎತ್ತಿ, ಯಾರು, ಎಲ್ಲಿಯವರು, ಏನನ್ನುತ್ತಾರೆ ಎಂದು ಬರೆದು, ಗಾಜಿನ ಆಚೆ ಕೂತು ಕಾರ್ಯಕ್ರಮ ನಡೆಸುವ ಲಿಂಡೆಲ್‌ಗೆ ಕೊಡುವುದು ಐಯೋನಿಯ ಕೆಲಸ. ಹೊಗಳುವವರ ಚೀಟಿಗೆ ಸೊನ್ನೆ, ತೆಗಳುವವರಿಗೆ ಅಡ್ಡಗೆರೆ, ಜಗಳಕ್ಕೇ ನಿಂತವರಿಗೆ ‘ಬಿಸಿ’ ಎಂಬ ಎರಡಕ್ಷರ. ಲಿಂಡೆಲ್‌ಗೆ ಬಿಸಿಯವರೇ ಬೇಕು. ಹನ್ನೊಂದು ವರ್ಷದಿಂದ ಅವಳು ಈ ಊರಿನ ಅಭಿಪ್ರಾಯಗಳನ್ನು ಹೀಗೆ ಕೇರಿ, ಜರಡಿ ಹಿಡಿದು ಕೊಟ್ಟಿದ್ದಾಳೆ. ಅವಳ ಅಭಿಪ್ರಾಯವನ್ನು ಯಾರೂ ಕೇಳಿಲ್ಲ, ಅದರಿಂದ ಅವಳಿಗೆ ಬೇಜಾರೂ ಆಗಿಲ್ಲ.

“ಹನ್ನೆರಡು ಹಾಡು ತಾಯಿ,” ಎಂದ ಟ್ಯಾಕ್ಸಿಯವನು. “ಎಂಟು ಕುಣಿಯೋಕೆ, ಎರಡು ಹೆಂಗಸರಿಗೆ, ಒಂದು ಪೊಲೀಸರಿಗೆ ಬೈಯೋಕೆ. ಸರಿಯಾಗೇ ಇದೆ. ಆ ಒಂಬತ್ತನೇದು ಯಾಕೆ ಹಾಕಿದ್ನೋ. ನಿನ್ನೆ ಗಾಡೀಲಿ ಹಾಕ್ದೆ, ಹಿಂದೆ ಕೂತಿದ್ದ ನಾಲ್ಕೂ ಜನ ಕಣ್ಣೊರೆಸ್ಕೊಳ್ಳೋಕೆ ಶುರು ಮಾಡಿದ್ರು. ಒಬ್ಳು ಇಳಿಯೋ ಜಾಗಾನೇ ಬಿಟ್ಲು. ಆಮೇಲೆ ನನ್ನ ಮೇಲೇ ಕೂಗಾಡಿದ್ಲು.”

“ನಿಮಗೆ ಇಷ್ಟ ಆಯ್ತೋ ಇಲ್ವೋ?”

“ಇಷ್ಟಾನೋ ಏನೋ. ಆ ಹಾಡಲ್ಲಿ ಒಬ್ಳು ಹೆಂಗಸು ಒಂದೇ ಸಾಲನ್ನ ಎರಡು ಸಲ ಕೂಗ್ತಾಳಲ್ಲ, ಅಲ್ಲಿ ಗಾಡಿ ಪಕ್ಕಕ್ಕೆ ಹಾಕ್ದೆ. ಇನ್ನೇನು ಹೇಳ್ಲಿ.”

ಐಯೋನಿ ಸೊನ್ನೆ ಹಾಕಿದಳು. ಇಂದಿಗೆ ಅದು ಇಪ್ಪತ್ತಮೂರನೆಯ ಸೊನ್ನೆಯೋ ಇಪ್ಪತ್ತನಾಲ್ಕನೆಯದೋ. ಹೆಚ್ಚುಕಡಿಮೆ ಎಲ್ಲವೂ ಒಂಬತ್ತನೆಯ ಹಾಡಿಗೆ. ಕೊರೊನೇಷನ್ ಮಾರ್ಕೆಟ್ಟಿನಲ್ಲಿ ಗೆಣಸು ಮಾರುವವಳು, ಆ ದನಿ ಕೇಳಿ ತನಗೆ ತನ್ನ ಸತ್ತ ತಂಗಿ ನೆನಪಾದಳು ಎಂದಿದ್ದಳು. ಮೋನಾದ ವಿದ್ಯಾರ್ಥಿಯೊಬ್ಬ, ಸಾಲನ್ನು ಮರುಕಳಿಸಿದ್ದರಲ್ಲಿ ಒಂದು ಇಡೀ ಜನಾಂಗದ ನೋವಿದೆ ಎಂದು ಉಸಿರು ಬಿಡದೆ ನಾಲ್ಕು ನಿಮಿಷ ವಿವರಿಸಿದ್ದ. ಬ್ರಿಕ್ಸ್‌ಟನ್ನಿನಿಂದ ಕರೆ ಮಾಡಿದ ಮುದುಕನೊಬ್ಬ ಬರೀ ಮೂಗು ಸೀಟಿ ಫೋನಿಟ್ಟಿದ್ದ. ಒಬ್ಬನೇ ಒಬ್ಬ, ಪೋರ್ಟ್‌ಮೋರ್‌ನವನು, ನಾನು ಹೊಸ ಸ್ಪೀಕರ್ ತಂದದ್ದು ಎದೆ ನಡುಗಲಿ ಅಂತ, ಈ ಮನುಷ್ಯ ನನ್ನ ಮನೆಗೇ ಶವಸಂಸ್ಕಾರ ತಂದಿಟ್ಟಿದ್ದಾನೆ ಎಂದು ಹರಿಹಾಯ್ದಿದ್ದ. ಅವನೊಂದಿಗೆ ಇನ್ನೂ ಸ್ವಲ್ಪ ಹೊತ್ತು ಮಾತನಾಡಬೇಕು ಎಂದು ಐಯೋನಿಗೆ ಅನ್ನಿಸಿತ್ತು. ಯಾಕೆಂದರೆ ಹಾಡಿನಲ್ಲಿ ಕೂಗುವ ಆ ಹೆಂಗಸು ಇವಳೇ, ಮತ್ತು ಇವಳು ಅಂದು ಅತ್ತಿರಲಿಲ್ಲ. ಇವತ್ತು ಸಂಜೆ ಐದಕ್ಕೆ ಹೋಪ್ ರೋಡಿನ ಮೈದಾನದಲ್ಲಿ, ಸಾವಿರಾರು ಜನರೆದುರು, ಆ ಅಳುವನ್ನು ಇನ್ನೊಮ್ಮೆ ಅಳಬೇಕೆಂದು ತಮ್ಮ ಕೇಳಿದ್ದ. ಅವಳು ಹೂಂ ಅಂದಿರಲಿಲ್ಲ, ಊಹೂಂ ಅನ್ನುವ ಧೈರ್ಯವೂ ಬಂದಿರಲಿಲ್ಲ.

ಕೋಲ್‌ಪಾಟ್ ಎಂದರೆ ಅವಳ ತಮ್ಮ ಡೆನ್‌ವಿಲ್. ಚಿಕ್ಕವನಿದ್ದಾಗ ಇದ್ದಿಲೊಲೆಯ ಪಕ್ಕ ಬಿಟ್ಟು ಕದಲುತ್ತಿರಲಿಲ್ಲವೆಂದು ಅಮ್ಮನೇ ಇಟ್ಟ ಅಡ್ಡಹೆಸರು ಅದು. ಮುಂದೆ ಅದೇ ಹೆಸರು ಬಸ್ಸುಗಳ ಹಿಂದೆ, ಗೋಡೆಗಳ ಮೇಲೆ ಬಂದಾಗ ಅಮ್ಮ ಊರಲ್ಲಿ ತಲೆಯೆತ್ತಿ ನಡೆದಳು. ಅವನ ಹಾಡುಗಳನ್ನು ಕೇಳಿದಾಗ ತಲೆ ತಗ್ಗಿಸಿದಳು. ಅಮ್ಮ, ಮಿಸ್ ವೈರಿಸ್, ಎಂದರೆ ಸೇಂಟ್ ಮೇರಿಯ ಆ ಬೆಟ್ಟದ ಸಾಲಿನಲ್ಲಿ ಗೊತ್ತಿಲ್ಲದವರಿಲ್ಲ. ಎಲ್ಲೇ ಹೆಣ ಮಲಗಿರಲಿ, ಹಾಡಿಗೆ ಸಾಲು ಕೊಡಲು ಅವಳನ್ನೇ ಕರೆಯುತ್ತಿದ್ದರು. ಪುಸ್ತಕ ಯಾರ ಕೈಯಲ್ಲೂ ಇರುವುದಿಲ್ಲ, ಇದ್ದರೂ ಓದಲು ಕನ್ನಡಕ ಇರುವುದಿಲ್ಲ. ಒಬ್ಬರು ಮುಂದೆ ನಿಂತು ಸಾಲನ್ನು ಒಂದೇ ಉಸಿರಿಗೆ ಕೂಗಬೇಕು, ಉಳಿದವರು ಅದನ್ನು ಎಳೆದೆಳೆದು ಹಾಡಬೇಕು, ಮುಗಿಯುವ ಹೊತ್ತಿಗೆ ಮುಂದಿನ ಸಾಲು ಬಂದಿರಬೇಕು. ಅಂಥ ಅಮ್ಮ, ಈ ಕಾರ್ಯಕ್ರಮಕ್ಕೂ ಕರೆ ಮಾಡುತ್ತಿದ್ದಳು. ಚರ್ಚಿನ ದನಿ ಹೊರಡಿಸಿ, ನಾನು ಸೇಂಟ್ ಮೇರಿಯಿಂದ ಕೇಳುತ್ತಿರುವವಳು ಎಂದು ಸ್ವಂತ ಮಗಳಿಗೇ ಪರಿಚಯ ಹೇಳಿಕೊಂಡು, ಆ ಕೋಲ್‌ಪಾಟ್ ಎಂಬ ಹುಡುಗನ ಹಾಡು ಕೇಳಿದರೆ ಹೆತ್ತವಳು ಬಾವಿ ನೋಡಿಕೊಳ್ಳಬೇಕು ಎಂದು ದೂರುತ್ತಿದ್ದಳು. ಐಯೋನಿ ‘ಬಿಸಿ’ ಎಂದು ಬರೆದು ಒಳಗೆ ಬಿಡುತ್ತಿದ್ದಳು. ಲಿಂಡೆಲ್‌ಗೆ ಈ ಮುದುಕಿ ಎಂದರೆ ಪ್ರಾಣ, ಯಾರೆಂದು ಗೊತ್ತಿರಲಿಲ್ಲ. ಜನವರಿಯಲ್ಲಿ ಒಂದು ಮಂಗಳವಾರ, ನಾಲ್ಕೂ ಲೈನು ತುಂಬಿದ್ದಾಗ, ಅಮ್ಮ ತನ್ನ ಮಾಮೂಲಿ ದನಿಯಲ್ಲೇ ಬಂದಿದ್ದಳು. ಹಾಡಿನ ವಿಷಯ ಅಲ್ಲ ಕಣೇ, ಸುಮ್ನೆ ಮಾಡ್ದೆ, ಎಂದಿದ್ದಳು. ಸುಮ್ನೆ ಮಾಡೋಕೆ ಇದಾ ಅಮ್ಮ ಹೊತ್ತು, ಎಂದು ಇವಳು ಇಟ್ಟುಬಿಟ್ಟಿದ್ದಳು. ಶುಕ್ರವಾರ ಅಮ್ಮ ಹೋದಳೆಂದು ಪಕ್ಕದ ಮನೆಯವರ ಫೋನು ಬಂತು. ಐಯೋನಿ ಅದನ್ನು ಕೇಳಿಸಿಕೊಂಡು, ಒಂದು ನಿಮಿಷ ಎಂದು ಹೇಳಿ, ಮೂರನೇ ಲೈನಿನಲ್ಲಿ ಕಾಯುತ್ತಿದ್ದವರನ್ನು ಒಳಗೆ ಬಿಟ್ಟು, ಆಮೇಲೆ ಚೀಲ ತೆಗೆದುಕೊಂಡು ಎದ್ದಳು.

ಕಚೇರಿಯ ಏಸಿ ಎಂದಿನಂತೆ ಮೈ ಕೊರೆಯುತ್ತಿತ್ತು. ಬೆಳಿಗ್ಗೆ ತಂದ ಪ್ಯಾಟಿ ಕಾಗದದಲ್ಲೇ ತಣ್ಣಗಾಗಿ ಎಣ್ಣೆ ಬಿಟ್ಟಿತ್ತು. ಗಾಜಿನ ಆಚೆ ಲಿಂಡೆಲ್ ಒಂಬತ್ತನೆಯ ಹಾಡನ್ನು ಇನ್ನೊಮ್ಮೆ ಹಾಕಿದ. ಮೊದಲು ಆ ತಾಳ ಬಂತು: ಕರ್, ಕರ್, ಆಮೇಲೆ ಒಂದು ದಪ್ಪ ಸದ್ದು. ಇದು ಯಾವ ವಾದ್ಯ ಎಂದು ಆರು ದಿನದಿಂದ ಚರ್ಚೆ ನಡೆದಿತ್ತು. ಆಫ್ರಿಕದಿಂದ ತರಿಸಿದ್ದು ಎಂದು ಒಬ್ಬರು ಖಚಿತವಾಗಿ ಹೇಳಿದ್ದರು. ಅದು ಮೇಸ್ತ್ರಿ ಮಾಸ್ ಟೈವಿಯ ಸಲಿಕೆ. ಮನೆಯ ಹಿಂದೆ, ಹಲಸಿನಂಥ ಬ್ರೆಡ್‌ಫ್ರೂಟ್ ಮರದ ಕೆಳಗೆ, ಅಮ್ಮನ ಗೋರಿಯ ಮುಚ್ಚಳಕ್ಕೆ ಸಿಮೆಂಟು ಕಲೆಸುತ್ತಿದ್ದ ಸಲಿಕೆ. ಅದನ್ನೂ ಅಲ್ಲಿಯ ಹಾಡನ್ನೂ ತಮ್ಮ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ. ಗೋರಿ ಪೂರಾ ಮುಚ್ಚುವ ತನಕ ಹಾಡು ನಿಲ್ಲಬಾರದು, ಮೇಸ್ತ್ರಿ ಕರಣೆ ಮೇಲೆತ್ತಿ ತೋರಿಸಿದ ಮೇಲೇ ನಿಲ್ಲಬೇಕು. ಸಾಲು ಕೊಡುವವಳೇ ಒಳಗೆ ಮಲಗಿದ್ದರಿಂದ ಎಲ್ಲರೂ ಮಗಳ ಮುಖ ನೋಡಿದರು. ಬಿಸಿಲು ನೆತ್ತಿ ಸುಡುತ್ತಿತ್ತು. ಎಂಟು ಮೂಟೆ ಬೇಕು ಎಂದು ಮಾಸ್ ಟೈವಿ ಹೇಳಿದ್ದಕ್ಕೆ, ಈ ಮೇಸ್ತ್ರಿಗಳು ಯಾವಾಗಲೂ ಒಂದು ಹೆಚ್ಚಿಗೆ ಹೇಳುತ್ತಾರೆ ಎಂದುಕೊಂಡು ಐಯೋನಿ ಏಳು ತರಿಸಿದ್ದಳು. ಹಾಡಿನ ಉದ್ದಕ್ಕೂ ಅವಳ ಕಣ್ಣು ಆ ರಾಶಿಯ ಮೇಲಿತ್ತು. ಸಾಲುತ್ತದೆಯೋ, ಅಂಚಿನಲ್ಲಿ ತೆಳುವಾಗುತ್ತದೆಯೋ, ಜನ ಏನಂದುಕೊಳ್ಳುತ್ತಾರೆ. ಕೊನೆಯ ಹಾಡಿನ ಕೊನೆಯ ನುಡಿಯಲ್ಲಿ ‘ಬಾಗಿಲು ತೆರೆದೇ ಇದೆ, ಒಳಗೆ ಬಾ’ ಎಂದು ಮೂರನೆಯ ಸಾಲು ಕೂಗಿದಳು. ಜನ ಹಾಡಿದರು. ಮುಂದೆ ಮತ್ತೆ ಅದನ್ನೇ ಕೂಗಿದಳು. ಜನ ಅದನ್ನೇ ಮತ್ತೆ ಹಾಡಿದರು, ಯಾಕೆಂದರೆ ಗೋರಿಯ ಮುಂದೆ ಕೊಟ್ಟ ಸಾಲನ್ನು ಯಾರೂ ತಿದ್ದುವುದಿಲ್ಲ. ಅಷ್ಟರಲ್ಲಿ ಮಾಸ್ ಟೈವಿ ಕರಣೆ ಎತ್ತಿದ. ಸಿಮೆಂಟು ಸಾಕಾಗಿತ್ತು. ಅವಳಿಗೆ ಆಗ ಆದದ್ದು ಸಮಾಧಾನ, ಬರೀ ಸಮಾಧಾನ. ಅದನ್ನು ನೆನೆದು ನಾಲ್ಕು ತಿಂಗಳಿಂದ ಅವಳು ತನ್ನನ್ನು ತಾನೇ ಕೆದಕಿ ನೋಡಿಕೊಳ್ಳುತ್ತಿದ್ದಾಳೆ. ನಾಚಿಕೆಯಾಗುತ್ತದೆ, ಅಳು ಬರುವುದಿಲ್ಲ.

ಹತ್ತೂವರೆಗೆ ಡೆನ್‌ವಿಲ್ ಬಂದ. ಜೊತೆಯವರನ್ನು ಹೊರಗೇ ಬಿಟ್ಟು, ಕಪ್ಪು ಕನ್ನಡಕ ಹಾಕಿಕೊಂಡೇ, ಲಿಂಡೆಲ್‌ನ ಎದುರಿನ ಮೈಕಿಗೆ ಕೂತ. ಇವಳ ಕಡೆ ನೋಡಿ ಹುಬ್ಬು ಹಾರಿಸಿದ. ಸಂಜೆಗೆ ಸರಿ ತಾನೇ ಎಂದು ಅದರ ಅರ್ಥ. ಅವಳು ಫೋನು ಎತ್ತಿದಳು. ಲಿಂಡೆಲ್ ಸುತ್ತಿ ಬಳಸಿ ಅಲ್ಲಿಗೇ ಬಂದ. “ಇಡೀ ದೇಶ ಕೇಳ್ತಾ ಇದೆ ಕೋಲ್‌ಪಾಟ್. ಯಾರಪ್ಪ ಆ ಹೆಂಗಸು? ಎಷ್ಟು ವಯಸ್ಸಾಗಿದೆ? ಬದುಕಿದಾರಾ?”

“ಬದುಕಿದಾಳೆ,” ಎಂದ ಡೆನ್‌ವಿಲ್. “ಅಲ್ಲೇ ಕೂತಿದಾಳೆ. ನಿಮ್ಮ ಫೋನ್ ಎತ್ತೋಳು. ನನ್ನ ಅಕ್ಕ.”

ಲಿಂಡೆಲ್ ಗಾಜಿನ ಕಡೆ ತಿರುಗಿದ. ಹನ್ನೊಂದು ವರ್ಷದಲ್ಲಿ ಅವನು ಅವಳನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಬಾ ಬಾ ಎಂದು ಕೈ ಮಾಡಿದ. ಐಯೋನಿ ಎದ್ದಳು. ಸ್ವೆಟರಿನ ತೋಳಿನಲ್ಲಿ ಪ್ಯಾಟಿಯ ಪುಡಿ ಅಂಟಿತ್ತು, ಅದನ್ನು ಕೊಡವಿಕೊಂಡಳು. ರೇಡಿಯೋದಲ್ಲಿ ಅದು ಕಾಣುವುದಿಲ್ಲ ಎಂದು ಆಮೇಲೆ ಹೊಳೆಯಿತು. ಮೂರನೆಯ ಕುರ್ಚಿ ಇರಲಿಲ್ಲ. ನಿಂತೇ ಮೈಕಿಗೆ ಬಗ್ಗಬೇಕಾಯಿತು. ಆ ಸಾಲನ್ನು ಎರಡನೆಯ ಸಲ ಕೂಗುವಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು ಎಂದು ಲಿಂಡೆಲ್ ಕೇಳಿದ. ಇವನು ಎಂದೂ ತನಗೆ ಬಹುವಚನ ಹಚ್ಚಿದವನಲ್ಲ ಎಂದು ಅವಳು ಗಮನಿಸಿದಳು.

“ಸಿಮೆಂಟು,” ಎಂದಳು.

“ಏನು?”

“ಒಂದು ಮೂಟೆ ಕಮ್ಮಿ ತರಿಸಿದ್ದೆ. ಸಾಲುತ್ತೋ ಇಲ್ವೋ ಅಂತ ನೋಡ್ತಿದ್ದೆ. ಅದಕ್ಕೇ ಸಾಲು ತಪ್ಪಿದ್ದು. ನಾನು ಅಳ್ತಿರಲಿಲ್ಲ. ನೆಗಡಿ ಆಗಿತ್ತು.”

ಹೇಳಿಬಿಟ್ಟೆ, ಇನ್ನು ಸಂಜೆಯ ಗೊಡವೆ ಇಲ್ಲ ಎಂದು ಅವಳು ನೆಟ್ಟಗಾದಳು. ತಮ್ಮನ ಮುಖ ನೋಡಲಿಲ್ಲ. ಅಷ್ಟರಲ್ಲಿ ನಾಲ್ಕೂ ದೀಪ ಒಟ್ಟಿಗೆ ಹತ್ತಿಕೊಂಡವು. ಎತ್ತುವವಳು ಇಲ್ಲಿ ನಿಂತಿದ್ದರಿಂದ ಲಿಂಡೆಲ್ ತಾನೇ ನೇರವಾಗಿ ಒಂದೊಂದಾಗಿ ಎತ್ತತೊಡಗಿದ. ಮೊದಲನೆಯವಳು ಸ್ಪ್ಯಾನಿಷ್ ಟೌನಿನ ಟೀಚರು. “ಕೇಳಿಸ್ತಾ ನಿಮಗೆ? ಸಿಮೆಂಟಂತೆ. ಅಯ್ಯೋ ಪಾಪ, ಎಷ್ಟು ನೊಂದಿದಾಳೆ ಅಂದ್ರೆ ಅಳು ಅಂತ ಹೇಳ್ಕೊಳ್ಳೋಕೂ ಆಗ್ತಿಲ್ಲ.” ಎರಡನೆಯವನು ಪಾದ್ರಿ, ದೇವರು ಕೆಲವರ ಕಣ್ಣೀರನ್ನು ಒಳಗೇ ಇಡುತ್ತಾನೆ ಎಂದ. ಮೂರನೆಯವನು ತಾನು ಆಲ್ಬಮ್ ಇನ್ನೂ ಕೇಳಿಲ್ಲವೆಂದೂ, ಆದರೆ ಈಗ ಈ ಸಿಸ್ಟರ್ ಮಾತು ಕೇಳಿ ಸಂಜೆ ಹೆಂಡತಿ ಮಕ್ಕಳ ಸಮೇತ ಮೈದಾನಕ್ಕೆ ಬರುವುದಾಗಿಯೂ ಹೇಳಿದ. ಲಿಂಡೆಲ್‌ನ ಕಣ್ಣುಗಳು ನಿಜವಾಗಿಯೂ ಒದ್ದೆಯಾಗಿದ್ದವು. ಐಯೋನಿ ನಿಂತೇ ಇದ್ದಳು. ಮೊಣಕಾಲು ನೋಯುತ್ತಿತ್ತು. ಸತ್ಯ ಹೇಳಿದರೂ ಕೂಡ ಈ ಜನ ಅದನ್ನು ಕಿತ್ತುಕೊಂಡು ತಮಗೆ ಬೇಕಾದ್ದು ಮಾಡಿಕೊಳ್ಳುತ್ತಾರೆ ಎಂದು ಅವಳಿಗೆ ಸಿಟ್ಟು ಬರಬೇಕಿತ್ತು. ಸಿಟ್ಟು ಎಲ್ಲೋ ದೂರದಲ್ಲಿ, ಬೇರೆಯವರ ಮನೆಯಲ್ಲಿ ಬಂದ ಹಾಗಿತ್ತು.

ನಾಲ್ಕನೆಯ ಲೈನಿನಲ್ಲಿ ಮೊದಲು ಕೋಳಿ ಕೂಗಿತು. ಆಮೇಲೆ ಒಬ್ಬ ಮುದುಕಿಯ ದನಿ. “ನಾನು ಮದರ್ ಇಸಿಲ್ಡಾ. ಸೇಂಟ್ ಥಾಮಸ್ ಕಡೆಯೋಳು. ಐವತ್ತು ವರ್ಷ ಸಾಲು ಕೊಟ್ಟಿದೀನಿ. ಆ ಹುಡುಗಿ ಇದಾಳಾ?”

“ಇದೀನಿ ಮದರ್,” ಎಂದಳು ಐಯೋನಿ.

“ನೀ ಅಳ್ತಿರಲಿಲ್ಲ ಅಂತ ನಂಗೆ ಹಾಡು ಕೇಳ್ದಾಗ್ಲೇ ಗೊತ್ತಾಯ್ತು. ಈ ಜನಕ್ಕೆ ಕಿವಿ ಇಲ್ಲ. ಅಳೋಳ ಉಸಿರು ಸಾಲಿನ ಮಧ್ಯ ಮುರಿಯುತ್ತೆ, ನಿಂದು ಮುರೀಲಿಲ್ಲ. ನೀ ಬೇರೆ ಎಲ್ಲೋ ಇದ್ದೆ.”

“ಹೌದು.”

“ಇರ್ಲಿ. ನನ್ನ ದೊಡ್ಡ ಮಗನ್ನ ಮಣ್ಣು ಮಾಡ್ದಾಗ ನಾನೂ ಮೇಕೆ ಸಾರಿಗೆ ಉಪ್ಪು ಹಾಕಿದ್ರೋ ಇಲ್ವೋ ಅಂತ ಯೋಚ್ನೆ ಮಾಡ್ತಿದ್ದೆ. ಸಾಲು ಕೊಡೋಳಿಗೆ ಅಳು ಯಾರು ಕೇಳಿದ್ರು? ಅಳೋದು ಹಾಡೋರ ಕೆಲ್ಸ. ನಿನ್ನ ಕೆಲ್ಸ ಸಾಲು ಕೊಡೋದು. ಅಷ್ಟನ್ನ ಸರಿಯಾಗಿ ಮಾಡ್ಬೇಕಿತ್ತು, ನೀ ಮಾಡ್ಲಿಲ್ಲ. ನಾಲ್ಕನೇದು ಎಲ್ಲಿ?”

ಐಯೋನಿ ಮೈಕಿಗೆ ಇನ್ನಷ್ಟು ಬಗ್ಗಿದಳು.

“ಮೂರನೇದನ್ನೇ ಎರಡು ಸಲ ಕೊಟ್ಟೆ, ಗೋರಿ ಮುಚ್ಚಿಬಿಟ್ರಿ. ನಾಲ್ಕನೇದನ್ನ ಯಾರೂ ಹಾಡ್ಲಿಲ್ಲ. ನಿಮ್ಮವ್ವನ್ನ ಹೊಸಲು ಮೇಲೆ ನಿಲ್ಸಿ ಬಂದಿದೀರಿ. ಈಗ ಅದನ್ನೇ ಹಾಡು ಮಾಡಿ ಊರೆಲ್ಲ ಕೇಳ್ಸ್ತಿದೀರಿ. ಹಾಡು ಚೆನ್ನಾಗಿದೆ, ನಂಗೂ ಇಷ್ಟ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಮುಗಿಸಿ ಮಗಳೇ. ಇವತ್ತು ಜನ ಸೇರ್ತಾರಲ್ಲ, ಅವರ ಬಾಯಲ್ಲಿ ಮುಗಿಸಿ.”

“ನಾಲ್ಕನೇದು ನೀವೇ ಹೇಳ್ಬಿಡಿ ಮದರ್,” ಎಂದ ಲಿಂಡೆಲ್, ಒಳ್ಳೆಯ ಕಾರ್ಯಕ್ರಮದ ವಾಸನೆ ಹಿಡಿದು.

“ನಮ್ಮೂರಿನದು ಬೇರೆ, ಅವರೂರಿನದು ಬೇರೆ. ನನ್ನ ಸಾಲು ಕಟ್ಕೊಂಡು ಅವರವ್ವ ಏನು ಮಾಡ್ಲಿ? ಅವಳು ಬದುಕಿದ್ದಾಗ ಏನು ಕೊಡ್ತಿದ್ಲೋ ಅದನ್ನೇ ಕೊಡ್ಬೇಕು.” ಇಷ್ಟು ಹೇಳಿ ಮುದುಕಿ ಫೋನಿಟ್ಟಳು.

ಹನ್ನೊಂದರ ವಾರ್ತೆಗೆ ಅಕ್ಕ ತಮ್ಮ ಹೊರಗಿನ ಓಣಿಗೆ ಬಂದರು. ಅಲ್ಲಿ ನೀರಿನ ಡ್ರಮ್ಮು, ಹಳೆಯ ಕ್ಯಾಸೆಟ್ಟುಗಳ ಪೆಟ್ಟಿಗೆಗಳು, ಕಿಟಕಿಯಿಂದ ಬರುವ ಬಿಸಿ ಗಾಳಿ. ಏಸಿಯಿಂದ ಹೊರಬಂದ ಮೈಗೆ ಆ ಬಿಸಿ ಹಿತವಾಗಿತ್ತು. ಡೆನ್‌ವಿಲ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಕನ್ನಡಕವಿಲ್ಲದಾಗ ಅವನು ಬರೀ ಡೆನ್‌ವಿಲ್. ಕಣ್ಣಿನ ಕೆಳಗೆ ಅಮ್ಮನಿಗಿದ್ದಂಥ ಊತವೇ ಬಂದಿತ್ತು. ಅವನು ಬೈಯುತ್ತಾನೆ ಎಂದುಕೊಂಡಿದ್ದಳು. ಹಾಡಿನ ಮಾನ ತೆಗೆದೆ, ಎಂದಾದರೂ ಅನ್ನಬೇಕಿತ್ತು.

“ನಿಜವಾಗ್ಲೂ ಏನೂ ಆಗ್ಲಿಲ್ವಾ ಅಕ್ಕಾ?” ಎಂದ.

“ಇಲ್ಲ.”

“ಆಮೇಲೆ? ಮನೇಲಿ ಒಬ್ಳೇ ಇದ್ದಾಗ?”

“ಇಲ್ಲ ಕಣೋ. ಅಮ್ಮನ ಬಟ್ಟೆ ಎಲ್ಲ ಮಡಿಸಿ ಕೊಟ್ಟೆ. ಏನೂ ಆಗ್ಲಿಲ್ಲ.”

ಅವನು ಒರೆಸುತ್ತಲೇ ಇದ್ದ. “ನಾನು ಅವತ್ತು ಫೋನ್‌ನಲ್ಲಿ ಕೆಂಪು ಗೆರೆ ಏಳ್ತಾ ಇದ್ಯಾ ಅಂತ ನೋಡ್ತಿದ್ದೆ. ರೆಕಾರ್ಡ್ ಆಗ್ತಿದ್ಯೋ ಇಲ್ವೋ ಅಂತ. ಗೋರಿ ಕಡೆ ನೋಡೇ ಇಲ್ಲ. ನಿನ್ನ ದನಿ ಕೇಳಿ, ಅಕ್ಕ ಅಳ್ತಿದಾಳೆ, ಸದ್ಯ, ಒಬ್ರಾದ್ರೂ ಅಳ್ತಿದೀವಲ್ಲ ಅಂದ್ಕೊಂಡೆ. ಆಮೇಲೆ ಸ್ಟುಡಿಯೋದಲ್ಲಿ ನೂರು ಸಲ ಹಾಕ್ಕೊಂಡು ಕೇಳ್ದೆ. ಯಾವಾಗ್ಲಾದ್ರೂ ನಂಗೂ ಬರುತ್ತೆ ಅಂತ. ಬರ್ಲಿಲ್ಲ. ಅದಕ್ಕೇ ಹಾಡು ಮಾಡ್ದೆ. ಊರೋರೆಲ್ಲ ಅತ್ರೆ ನಂಗೂ ಬರಬಹುದೇನೋ ಅಂತ.”

“ಬಂತಾ?”

“ಜನ ಕಳ್ಸೋ ಮೆಸೇಜು ಓದ್ತೀನಿ. ಅವರಿಗೆಲ್ಲ ಬಂದಿದೆ.”

ಐಯೋನಿ ಗೋಡೆಗೆ ಒರಗಿದಳು. ಅವನು ಸಂಜೆ ತನ್ನನ್ನು ಕರೆದದ್ದು ಅಳಲಿಕ್ಕಲ್ಲ, ಅಲ್ಲಿ ಒಬ್ಬನೇ ನಿಲ್ಲಲಾರದೆ ಎಂದು ಈಗ ತಿಳಿಯಿತು. ಅವಳಿಗೆ ಅವನ ಬೆನ್ನಿನ ಮೇಲೆ ಕೈಯಿಡಬೇಕು ಎನ್ನಿಸಿತು. ಕೈ ಸ್ವೆಟರಿನ ಜೇಬಿನಲ್ಲೇ ಉಳಿಯಿತು. ಒಳಗಿನಿಂದ ವಾರ್ತೆಯವನ ದನಿ ಕೇಳುತ್ತಿತ್ತು, ಸಕ್ಕರೆ, ಬಿರುಗಾಳಿ, ಕ್ರಿಕೆಟ್ಟು.

“ಬರ್ತೀನಿ,” ಎಂದಳು. “ಅಳೋಕಲ್ಲ. ಮುದುಕಿ ಹೇಳಿದ್ಲಲ್ಲ, ನಾಲ್ಕನೇದನ್ನ ಕೊಟ್ಟು ಮುಗಿಸ್ತೀನಿ. ಜನ ಹಾಡ್ಲಿ. ಆಮೇಲೆ ಇಳಿದು ಹೋಗ್ತೀನಿ.”

“ಸಾಕು,” ಎಂದ ಅವನು. ಮುಖ ಸ್ವಲ್ಪ ಸಡಿಲವಾಯಿತು. ಜೇಬಿನಿಂದ ಪೆನ್ನು ತೆಗೆದು, ಅಲ್ಲೇ ಪೆಟ್ಟಿಗೆಯ ಮೇಲೆ ಬಿದ್ದಿದ್ದ ಹಳದಿ ಚೀಟಿಯೊಂದನ್ನು ಅಂಗೈಯಲ್ಲಿ ಹಿಡಿದುಕೊಂಡ. “ಹೇಳು, ಬರ್ಕೋತೀನಿ. ಬ್ಯಾಂಡ್‌ನೋರಿಗೆ ಮೊದ್ಲೇ ಹೇಳ್ಬೇಕು.”

ಅವಳು ಬಾಯಿ ತೆರೆದಳು. ಬಾಗಿಲು ತೆರೆದೇ ಇದೆ, ಒಳಗೆ ಬಾ. ಅದರ ಮುಂದೆ. ಅಮ್ಮ ಮುಂದೆ ನಿಂತು, ಎಡಗೈಯನ್ನು ಸೊಂಟದ ಮೇಲಿಟ್ಟು, ಗದ್ದ ಎತ್ತಿ ಕೂಗುತ್ತಿದ್ದದ್ದು ಕಾಣುತ್ತಿತ್ತು. ಅದರ ಹಿಂದೆಯೇ ತಾನು ಎಲ್ಲರ ಜೊತೆ ಎಳೆದು ಹಾಡಿದ್ದು ಗಂಟಲಿಗೆ ನೆನಪಿತ್ತು, ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದೂ. ಪದಗಳಿರಲಿಲ್ಲ. ಅವು ಎಂದೂ ಅವಳ ಹತ್ತಿರ ಇದ್ದಿರಲಿಲ್ಲ. ನಲವತ್ತು ವರ್ಷ, ಹಾಡಬೇಕಾದ ಹೊತ್ತಿಗೆ ಸರಿಯಾಗಿ ಅಮ್ಮ ಕೊಡುತ್ತಿದ್ದಳು, ಇವಳು ಹಾಡುತ್ತಿದ್ದಳು, ಹಾಡಿ ಮರೆಯುತ್ತಿದ್ದಳು. ಅಂದು ಗೋರಿಯ ಮುಂದೆ ತಪ್ಪಿದ್ದು ಸಿಮೆಂಟಿನಿಂದಲ್ಲ.

“ನಿಂಗೆ ಗೊತ್ತಾ?” ಎಂದು ತಮ್ಮನನ್ನು ಕೇಳಿದಳು.

ಅವನು ತುಟಿ ಅಲ್ಲಾಡಿಸಿ, ಮೊದಲ ಸಾಲಿನಿಂದ ಮನಸ್ಸಿನಲ್ಲೇ ಹಾಡಿಕೊಂಡು ಬಂದು, ಮೂರನೆಯದರಲ್ಲಿ ನಿಂತ. ಮತ್ತೆ ಮೊದಲಿನಿಂದ ಬಂದ. ಮತ್ತೆ ನಿಂತ.

“ತಡಿ,” ಎಂದಳು ಐಯೋನಿ, ಮೊಬೈಲನ್ನು ಜೇಬಿನಿಂದ ತೆಗೆಯುತ್ತ, “ಅಮ್ಮನ್ನೇ ಕೇಳಿದ್ರಾಯ್ತು. ಈ ಹೊತ್ತಿಗೆ ಮನೇಲೇ ಇರ್ತಾಳೆ.”

ಬೆರಳು ಆಗಲೇ ನಂಬರನ್ನು ಒತ್ತಿಯಾಗಿತ್ತು. ಡೆನ್‌ವಿಲ್ ಅವಳ ಮುಖ ನೋಡಿದ. ಹೇಳಲು ಬಾಯಿ ತೆರೆದವನು ಹೇಳಲಿಲ್ಲ. ಪೆನ್ನನ್ನು ಚೀಟಿಯ ಮೇಲೆ ಹಾಗೇ ಹಿಡಿದುಕೊಂಡು, ಅವಳ ಕಿವಿಯ ಹತ್ತಿರಕ್ಕೆ ತಾನೂ ಬಗ್ಗಿದ. ಆ ಕಡೆ ಫೋನು ರಿಂಗಾಗುತ್ತಿತ್ತು. ಇಬ್ಬರೂ ಕಾದರು.